ಗಿರಾಕಿಯನ್ನು ಹೊರಗೆ ನಿಲ್ಲಿಸುವ ಹಕ್ಕು

ದಾವಣಗೆರೆಯ ಓದುಗ ಮಿತ್ರರೇ,

ಹೋಟೆಲಿನಂಥ ಜಾಗಗಳಲ್ಲಿ ಬಣ್ಣ ನೋಡಿ ಗಿರಾಕಿಯನ್ನು ತಡೆಯುವುದನ್ನು ನಿಷೇಧಿಸಿದ ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಬಗೆಗಿನ ನಮ್ಮ ಲೇಖನ ಓದಿ ನೀವು ಕೇಳಿದ್ದೀರಿ: “ನನ್ನ ಮನೆಗೆ ಯಾರನ್ನು ಕರೆಯಬೇಕೆಂಬುದು ನನ್ನಿಷ್ಟ. ನನ್ನ ದುಡ್ಡಲ್ಲಿ ಕಟ್ಟಿದ ಹೋಟೆಲಿಗೆ ಯಾರು ಬರಬೇಕೆಂದು ಹೇಳಲು ಸರ್ಕಾರ ಯಾರು? ಭೇದ ಮಾಡುವವನು ಗಿರಾಕಿ ಕಳೆದುಕೊಳ್ಳುತ್ತಾನೆ, ಮಾರುಕಟ್ಟೆಯೇ ಅವನಿಗೆ ಬುದ್ಧಿ ಕಲಿಸುತ್ತದೆ.” ಭೇದಭಾವ ನಿಮಗೂ ಅಸಹ್ಯವೆಂದು ಬರೆದಿದ್ದೀರಿ. ನಂಬುತ್ತೇನೆ.

ವ್ಯಕ್ತಿಯ ಸ್ವಾತಂತ್ರ್ಯಕ್ಕೆ ಸರ್ಕಾರ ಅಡ್ಡಬರಬಾರದೆನ್ನುವ ಲಿಬರ್ಟೇರಿಯನ್ನರ ಈ ವಾದವನ್ನು ತಳ್ಳಿಹಾಕುವಂತಿಲ್ಲ. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1962ರಲ್ಲೇ ಇದನ್ನು ಮಂಡಿಸಿದ್ದರು. 1957 ಮತ್ತು 1960ರ ಹಕ್ಕು ಕಾಯ್ದೆಗಳನ್ನು ಬೆಂಬಲಿಸಿದ್ದ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ 1964ರದ್ದನ್ನು ವಿರೋಧಿಸಿದ್ದೂ ಹೆಚ್ಚುಕಡಿಮೆ ಇದೇ ಕಾರಣಕ್ಕೆ. ಈ ವಾದದವರ ಒಂದು ಮಾತಂತೂ ನಿಜ: ದಕ್ಷಿಣದ ರಾಜ್ಯಗಳಲ್ಲಿ ಕರಿಯರನ್ನು ಬೇರೆ ಕೂರಿಸಿ ಎಂದು ಸರ್ಕಾರದ ಕಾನೂನೇ ಹೇಳುತ್ತಿತ್ತು. ಆ ಕಾನೂನುಗಳನ್ನು ಕಿತ್ತುಹಾಕಿದ್ದರೆ ಸಾಕಿತ್ತು ಎಂಬುದು ನಿಮ್ಮ ನಿಲುವು.

ಸಾಕಾಗುತ್ತಿರಲಿಲ್ಲ. ದಕ್ಷಿಣದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮಿನ ಆಲೀಸ್ ಬಾರ್ಬೆಕ್ಯೂ ಹೋಟೆಲನ್ನು ನೋಡಿ. 220 ಜನ ಕೂರುವಷ್ಟು ಜಾಗ. 36 ಕೆಲಸಗಾರರಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿ ಕರಿಯರು. ಅವರು ಮಾಡಿದ ಅಡುಗೆಯನ್ನು ಒಳಗೆ ಕೂತು ತಿನ್ನುವವರು ಬಿಳಿಯರು ಮಾತ್ರ. ಕರಿಯ ಗಿರಾಕಿ ಪೊಟ್ಟಣ ಕಟ್ಟಿಸಿಕೊಂಡು ಹೋಗಬೇಕು. ಚಿಕ್ಕವನಿದ್ದಾಗ ನಮ್ಮೂರ ಚಹಾದಂಗಡಿಯ ಹಿಂದೆ ಕೆಲವರಿಗಾಗಿಯೇ ಇಟ್ಟಿದ್ದ ಬೇರೆ ಲೋಟಗಳನ್ನು ನೋಡಿದ್ದೇನೆ. ಕುಡಿದವರೇ ತೊಳೆದಿಡಬೇಕಿತ್ತು. ಈ ಪ್ರಕರಣ ಓದುವಾಗಲೆಲ್ಲ ಆ ಲೋಟಗಳು ಕಣ್ಣೆದುರು ಬರುತ್ತವೆ.

ಕಾಯ್ದೆಯನ್ನು ಪ್ರಶ್ನಿಸಿ ಮಾಲೀಕರು ನ್ಯಾಯಾಲಯಕ್ಕೆ ಹೇಳಿದ್ದೇನು ಗೊತ್ತೇ? ಕರಿಯರನ್ನು ಒಳಗೆ ಕೂರಿಸಿದರೆ ವ್ಯಾಪಾರ ಬಿದ್ದುಹೋಗುತ್ತದೆ ಎಂದು. ಅಂದರೆ ಅಲ್ಲಿ ಮಾರುಕಟ್ಟೆ ಭೇದ ಮಾಡುವವನನ್ನು ಶಿಕ್ಷಿಸುತ್ತಿರಲಿಲ್ಲ, ಸಾಕುತ್ತಿತ್ತು. ಒಬ್ಬನೇ ಬಾಗಿಲು ತೆರೆದರೆ ಬಿಳಿಯ ಗಿರಾಕಿ ಪಕ್ಕದ ಹೋಟೆಲಿಗೆ ಹೋಗುತ್ತಾನೆ. ಒಳ್ಳೆಯ ಮನಸ್ಸಿನ ಮಾಲೀಕನೂ ಮೊದಲಿಗನಾಗಲು ಹೆದರುತ್ತಾನೆ. ಎಲ್ಲರಿಗೂ ಒಂದೇ ಕಾನೂನು ಬಂದ ಮೇಲೆ ಆ ಹೆದರಿಕೆಗೆ ಕಾರಣವೇ ಉಳಿಯಲಿಲ್ಲ. 1964ರ ಡಿಸೆಂಬರ್ 14ರಂದು ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಆಲೀಸ್ ಮುಳುಗಲಿಲ್ಲ, ಆಮೇಲೂ ದಶಕಗಳ ಕಾಲ ನಡೆಯಿತು.

ಉತ್ತರ ಕೆರೊಲಿನಾ ರಾಜ್ಯದ ಗ್ರೀನ್ಸ್‌ಬರೊದಲ್ಲಿ ಬಹಿಷ್ಕಾರವೇ ಗೆದ್ದಿತಲ್ಲ ಎಂದೂ ಬರೆದಿದ್ದೀರಿ. ಹೌದು, 1960ರ ಫೆಬ್ರವರಿ 1ರಂದು ನಾಲ್ವರು ಕರಿಯ ವಿದ್ಯಾರ್ಥಿಗಳು ವುಲ್‌ವರ್ತ್ ಅಂಗಡಿಯಲ್ಲಿ ಬಿಳಿಯರಿಗಷ್ಟೇ ಇದ್ದ ಊಟದ ಕಟ್ಟೆಯೆದುರು ಕೂತರು. ಜುಲೈಯಲ್ಲಿ ಅದು ಎಲ್ಲರಿಗೂ ತೆರೆಯಿತು. ಒಂದು ಕಟ್ಟೆಗೆ ಸುಮಾರು ಆರು ತಿಂಗಳು. ಅದೇ ರೀತಿ ಬೇರೆ ಊರುಗಳಲ್ಲಿ ಕೂತವರನ್ನು ಅತಿಕ್ರಮ ಪ್ರವೇಶದ ಆರೋಪ ಹೊರಿಸಿ ಪೊಲೀಸರು ಎಳೆದೊಯ್ದರು. “ನನ್ನ ಅಂಗಡಿ, ನನ್ನಿಷ್ಟ” ಎನ್ನುವವನ ಬೆನ್ನಿಗೂ ಸರ್ಕಾರದ ಲಾಠಿಯೇ ನಿಂತಿತ್ತು. ಅದನ್ನು ನೀವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಮನೆಯ ಮಾತಿಗೆ ಬರುತ್ತೇನೆ. ಮಾಲೀಕ ತಾನೂ ವಾಸವಿದ್ದು, ಬಾಡಿಗೆಗೆ ಐದು ಕೋಣೆಗಿಂತ ಹೆಚ್ಚಿಲ್ಲದ ವಸತಿಗೃಹವನ್ನು ಆ ಕಾಯ್ದೆಯೇ ಹೊರಗಿಟ್ಟಿದೆ. ಮನೆಯ ಹೊಸ್ತಿಲನ್ನು ಅದು ದಾಟಲಿಲ್ಲ. ಬೋರ್ಡು ಹಾಕಿ ದಾರಿಹೋಕರನ್ನೆಲ್ಲ ಕರೆಯುವ ಜಾಗ ಬೇರೆ. ಪ್ರಯಾಣಿಕನಿಗೆ ಕಾರಣವಿಲ್ಲದೆ ಜಾಗ ನಿರಾಕರಿಸುವಂತಿಲ್ಲ ಎಂಬ ನಿಯಮ ಇಂಗ್ಲೆಂಡಿನ ಛತ್ರದವರಿಗೆ ಶತಮಾನಗಳಿಂದ ಇತ್ತು.

ಒಂದು ಕಡೆ ನಿಮ್ಮ ಅಳುಕು ನನ್ನದೂ ಹೌದು. ಒಪ್ಪದ ಮಾತನ್ನು ಬರೆದುಕೊಡು ಎಂದು ಕಲಾವಿದರನ್ನು ಬಲವಂತ ಮಾಡಬಾರದು. ವೆಬ್‌ಸೈಟ್ ವಿನ್ಯಾಸಕಿಯೊಬ್ಬರ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2023ರಲ್ಲಿ ಹೀಗೇ ಹೇಳಿತು. ಆದರೆ ತಟ್ಟೆಯಲ್ಲಿ ಊಟ ಬಡಿಸುವುದು ಅಂಥ ಮಾತಲ್ಲ.

ಭೇದ ಮಾಡಿ ಗಿರಾಕಿಯನ್ನು ಹೊರಗಿಡಬಾರದು ಎಂಬುದು ನಮ್ಮಲ್ಲಿ ಸಂವಿಧಾನದೊಳಗೇ ಇದೆ. 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳನ್ನು ಹೆಸರಿಸುತ್ತದೆ. “ಅಂಗಡಿ” ಎಂದರೆ ಕ್ಷೌರದಂಗಡಿಯೂ ಸೇರುತ್ತದೆಯೇ ಎಂಬ ಪ್ರಶ್ನೆ 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಎದ್ದಿತ್ತು. ಆ ಪದವನ್ನು ವಿಶಾಲ ಅರ್ಥದಲ್ಲೇ ಬಳಸಿದೆ, ಜನರಿಗೆ ಸೇವೆ ಒದಗಿಸುವವರೆಲ್ಲ ಅದರಲ್ಲಿ ಬರುತ್ತಾರೆ ಎಂದು ಅಂಬೇಡ್ಕರ್ ಉತ್ತರಿಸಿದ್ದರು.

– ಸಂಪಾದಕ