ಜಾಲತಾಣದ ಫಾರ್ಮ್‌ನಿಂದ ಹೊರಟ ಮೇಲ್ ನಮ್ಮದೇ ವಿಳಾಸಕ್ಕೆ ಏಕೆ ಬರುತ್ತಿಲ್ಲ?

ಗಂಗಾವತಿಯ ನಿಮ್ಮ ಅಕ್ಕಿ ಗಿರಣಿಯ ಜಾಲತಾಣದಲ್ಲಿ ಯಾರಾದರೂ ವಿಚಾರಣೆಯ ಫಾರ್ಮ್ ತುಂಬಿದರೆ ಸಂದೇಶ ಕಳುಹಿಸಲಾಗಿದೆ ಎಂದೇ ತೋರಿಸುತ್ತದೆ, ಆದರೆ ಮೇಲ್ ಬರುವುದಿಲ್ಲ. ಅದೇ ವಿಳಾಸಕ್ಕೆ ಹೊರಗಿನವರು ನೇರವಾಗಿ ಬರೆದದ್ದು ತಪ್ಪದೆ ಬರುತ್ತದೆ. ಮೇಲ್ ಸೇವೆಯನ್ನು ಕಳೆದ ವರ್ಷ ಗೂಗಲ್‌ಗೆ ವರ್ಗಾಯಿಸಿದ್ದರೂ ಜಾಲತಾಣ ಹಳೆಯ ಹೋಸ್ಟಿಂಗ್ ಖಾತೆಯಲ್ಲೇ ಇದೆ ಎಂದು ಬರೆದಿದ್ದೀರಿ. ಕಾರಣ ಈ ಕೊನೆಯ ಮಾತಿನಲ್ಲೇ ಇದೆ. ಬಳ್ಳಾರಿಯಲ್ಲಿ ನಾನು ನೋಡಿಕೊಳ್ಳುವ ಜೀನ್ಸ್ ಹೊಲಿಗೆ ಘಟಕದ ಜಾಲತಾಣಕ್ಕೂ ಇದೇ ಆಗಿತ್ತು. ಫಾರ್ಮ್‌ನ ಕೋಡನ್ನೇ ಅನುಮಾನಿಸುತ್ತ ನಾನು ಎರಡು ದಿನ ಕಳೆದಿದ್ದೆ.

ಹೊರಗಿನ ಸರ್ವರ್‌ಗಳು ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಎಂದು ಹೇಳುವ ನಿಮ್ಮ ಡೊಮೈನ್‌ನ ಎಂಎಕ್ಸ್ ದಾಖಲೆಯನ್ನು ನೋಡಿ, ಅದು ಹೇಳಿದಂತೆ ಗೂಗಲ್‌ಗೆ ಮೇಲ್ ಒಪ್ಪಿಸುತ್ತವೆ. ಜಾಲತಾಣವಿರುವ ಸರ್ವರ್ ಮಾತ್ರ ಆ ದಾಖಲೆಯನ್ನು ನೋಡುವುದೇ ಇಲ್ಲ. ಈ ಡೊಮೈನ್‌ನ ಮೇಲ್ ತನ್ನಲ್ಲಿಯೇ ಇದೆ ಎಂದು ಅದರ ಸ್ವಂತ ಪಟ್ಟಿಯಲ್ಲಿ ಬರೆದಿರುವವರೆಗೆ, ಊರೊಳಗಿನ ಕಾಗದವನ್ನು ಟಪಾಲು ಚೀಲಕ್ಕೆ ಹಾಕದೆ ಅಲ್ಲಿಯೇ ಬಟವಾಡೆ ಮಾಡುವ ಅಂಚೆಯಣ್ಣನಂತೆ, ಅದು ಫಾರ್ಮ್‌ನ ಮೇಲನ್ನು ಯಾರೂ ತೆರೆಯದ ಹಳೆಯ ಪೆಟ್ಟಿಗೆಗೆ ಹಾಕಿಬಿಡುತ್ತದೆ.

ಏನನ್ನೂ ಬದಲಿಸುವ ಮೊದಲು ಇದನ್ನು ಕಣ್ಣಾರೆ ನೋಡಿಕೊಳ್ಳಿ. ದೂರದ ಸರ್ವರ್‌ಗೆ ಕಮಾಂಡ್ ಕೊಡಲು ಬಳಸುವ ಎಸ್‌ಎಸ್‌ಎಚ್ ಮೂಲಕ ಖಾತೆಯೊಳಗೆ ಹೋಗಿ, ಸಿಪ್ಯಾನೆಲ್ (ಹೋಸ್ಟಿಂಗ್ ನಿರ್ವಹಿಸುವ ಫಲಕ) ಇರುವ ಖಾತೆಯಾದರೆ, ಮನೆ ಫೋಲ್ಡರ್‌ನಲ್ಲಿರುವ 'ಮೇಲ್' ಎಂಬ ಫೋಲ್ಡರ್, ಅದರೊಳಗೆ ಡೊಮೈನ್ ಹೆಸರು, ಅದರೊಳಗೆ ಪೆಟ್ಟಿಗೆಯ ಹೆಸರು, ಕೊನೆಗೆ 'ನ್ಯೂ' ಎಂಬ ಫೋಲ್ಡರ್, ಹೀಗೆ ಸಿಡಿ ಕಮಾಂಡ್‌ನಿಂದ ಇಳಿಯುತ್ತ ಹೋಗಿ. (ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳೇ ಬೇಕು.) ಅಲ್ಲಿ ಒಂದೊಂದು ಮೇಲ್ ಒಂದೊಂದು ಕಡತವಾಗಿರುವುದರಿಂದ ಎಲ್‌ಎಸ್ ಕೊಟ್ಟರೆ ಪಟ್ಟಿ ಕಾಣುತ್ತದೆ, ಲೆಸ್ ಕೊಟ್ಟರೆ ಒಂದನ್ನು ತೆರೆದು ಓದಬಹುದು, ಡಿಯು ಮೈನಸ್ ಎಸ್‌ಎಚ್ ಕೊಟ್ಟರೆ ಈ ರಾಶಿ ಖಾತೆಯ ಎಷ್ಟು ಜಾಗ ತಿಂದಿದೆ ಎಂದು ತಿಳಿಯುತ್ತದೆ. ನಮ್ಮ ಪೆಟ್ಟಿಗೆಯಲ್ಲಿ ಐವತ್ತಕ್ಕೂ ಹೆಚ್ಚು ವಿಚಾರಣೆಗಳು ಕೊಳೆಯುತ್ತಿದ್ದವು, ಮತ್ತು ಅವುಗಳಲ್ಲಿ ಕೆಲವು ಹಬ್ಬದ ಮುಂಚಿನ ಸಗಟು ಬೇಡಿಕೆಗಳಾಗಿದ್ದುದರಿಂದ ಮಾಲೀಕರ ಮುಖವನ್ನು ನೋಡುವುದು ನನಗೆ ಕಷ್ಟವಾಯಿತು. ಜಾಗ ಉಳಿಸುವ ಆತುರದಲ್ಲಿ ಅಳಿಸುವ ಕಮಾಂಡ್ ಆದ ಆರ್‌ಎಂ ಕೊಡಬೇಡಿ. ಯೂನಿಕ್ಸ್‌ನಲ್ಲಿ ಅದಕ್ಕೆ ಕಸದ ಬುಟ್ಟಿ ಇಲ್ಲ, ಅಳಿಸಿದ್ದು ಅಳಿಸಿದ್ದೇ. ಥಂಡರ್‌ಬರ್ಡ್‌ನಂಥ ತಂತ್ರಾಂಶದಲ್ಲಿ ಹಳೆಯ ಪೆಟ್ಟಿಗೆಯನ್ನೂ ಗೂಗಲ್ ಪೆಟ್ಟಿಗೆಯನ್ನೂ ಸರ್ವರ್‌ನಲ್ಲಿರುವ ಪೆಟ್ಟಿಗೆಯನ್ನು ತೆರೆಯುವ ಐಮ್ಯಾಪ್ ವಿಧಾನದ ಮೂಲಕ, 993ನೇ ಪೋರ್ಟ್‌ನಲ್ಲಿ ಜೋಡಿಸಿಕೊಂಡು ಮೇಲ್‌ಗಳನ್ನು ಅತ್ತ ಎಳೆದು ಹಾಕಿದರೆ ಸಾಕು.

ಸರಿಪಡಿಸುವ ಕೆಲಸ ಒಂದು ನಿಮಿಷದ್ದು. ಸಿಪ್ಯಾನೆಲ್‌ನ 'ಇಮೇಲ್ ರೌಟಿಂಗ್' ಪುಟದಲ್ಲಿ 'ಲೋಕಲ್' ಎಂದಿರುವುದನ್ನು 'ರಿಮೋಟ್ ಮೇಲ್ ಎಕ್ಸ್‌ಚೇಂಜರ್' ಎಂದು ಬದಲಿಸಿ.

ಆದರೆ ಅಲ್ಲಿಂದ ಮುಂದೆ ಫಾರ್ಮ್‌ನ ಮೇಲ್ ನಿಜವಾಗಿಯೂ ಹೊರಗೆ ಹೋಗಿ ಗೂಗಲ್‌ನ ಬಾಗಿಲು ತಟ್ಟುವುದರಿಂದ ಅದು ಸ್ಪ್ಯಾಮ್‌ಗೆ ಬೀಳುವ ಸಾಧ್ಯತೆ ಇದೆ. ನಿಮ್ಮ ಹೆಸರಿನಲ್ಲಿ ಯಾವ ಸರ್ವರ್‌ಗಳು ಮೇಲ್ ಕಳುಹಿಸಬಹುದು ಎಂದು ಹೇಳುವ ಎಸ್‌ಪಿಎಫ್ ದಾಖಲೆಯಲ್ಲಿ ಗೂಗಲ್ ಮತ್ತು ಹೋಸ್ಟಿಂಗ್ ಸರ್ವರ್ ಎರಡೂ ಇರಬೇಕು. ಇಲ್ಲಿ ಬಹಳ ಜನ ಹಳೆಯದನ್ನು ಹಾಗೆಯೇ ಬಿಟ್ಟು ಪಕ್ಕದಲ್ಲಿ ಇನ್ನೊಂದು ಎಸ್‌ಪಿಎಫ್ ದಾಖಲೆಯನ್ನು ಸೇರಿಸುತ್ತಾರೆ. ಒಂದು ಡೊಮೈನ್‌ಗೆ ಎರಡು ದಾಖಲೆಗಳಿದ್ದರೆ ಎರಡೂ ಲೆಕ್ಕಕ್ಕೆ ಬರುವುದಿಲ್ಲ, ಆದ್ದರಿಂದ ಎಲ್ಲವನ್ನೂ ಒಂದೇ ಸಾಲಿಗೆ ಸೇರಿಸಿ. ಡಿಗ್ ಕಮಾಂಡ್‌ನ ಮುಂದೆ ಟಿಎಕ್ಸ್‌ಟಿ ಎಂದೂ ಡೊಮೈನ್ ಹೆಸರನ್ನೂ ಬರೆದರೆ ಈಗ ಏನಿದೆ ಎಂದು ಕಾಣುತ್ತದೆ.

ಫಾರ್ಮ್‌ನ 'ಫ್ರಮ್' ವಿಳಾಸವನ್ನೂ ನೋಡಿ. ಅಲ್ಲಿ ಗ್ರಾಹಕರ ವಿಳಾಸವನ್ನು ಹಾಕುವುದು ಹಳೆಯ ರೂಢಿ. ತನ್ನ ವಿಳಾಸದಿಂದ ಬೇರೆ ಸರ್ವರ್‌ಗಳು ಕಳುಹಿಸಿದ ಮೇಲನ್ನು ತಿರಸ್ಕರಿಸಿರಿ ಎಂದು ಯಾಹೂ 2014ರಲ್ಲಿಯೇ ಘೋಷಿಸಿದ್ದರಿಂದ, ಯಾಹೂ ವಿಳಾಸವಿರುವ ಗ್ರಾಹಕರ ವಿಚಾರಣೆ ಹಾಗೆ ಮಾಡಿದರೆ ತಲುಪುವುದಿಲ್ಲ. 'ಫ್ರಮ್'ನಲ್ಲಿ ನಿಮ್ಮ ಡೊಮೈನ್‌ನ ವಿಳಾಸವನ್ನೂ 'ರಿಪ್ಲೈ ಟು'ನಲ್ಲಿ ಗ್ರಾಹಕರದ್ದನ್ನೂ ಹಾಕಿಸಿ. ನಂತರ ನೀವೇ ಒಮ್ಮೆ ಫಾರ್ಮ್ ತುಂಬಿ, ಬಂದ ಮೇಲನ್ನು ಜಿಮೇಲ್‌ನಲ್ಲಿ 'ಶೋ ಒರಿಜಿನಲ್' ಎಂದು ತೆರೆದು, ಎಸ್‌ಪಿಎಫ್ ಎದುರು 'ಪಾಸ್' ಎಂದಿದೆಯೇ, ಅದು ನಿಮ್ಮ ಡೊಮೈನ್‌ನ ಹೆಸರಿಗೇ ಇದೆಯೇ ಎಂದು ನೋಡಿ. ಹೋಸ್ಟಿಂಗ್ ಸರ್ವರ್‌ನ ಹೆಸರು ಕಂಡರೆ, ಫಾರ್ಮನ್ನು 587ನೇ ಪೋರ್ಟ್‌ನಲ್ಲಿ ಮೇಲ್ ಖಾತೆಯ ಪಾಸ್‌ವರ್ಡ್ ಕೊಟ್ಟು ಕಳುಹಿಸುವಂತೆ ಹೊಂದಿಸಬೇಕಾಗುತ್ತದೆ.