ಸಂಪಾದಕರ ಉತ್ತರ: ಡ್ರಾಕುಲಾನ ನಾಲ್ಕು ಪೆಟ್ಟಿಗೆಗಳು

ಹುಬ್ಬಳ್ಳಿಯ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು. ಇಂಗ್ಲೆಂಡಿನಲ್ಲಿರುವ ಅವರ ಮಗ ರಜೆಗೆ ಬರುವಾಗ ಅಲ್ಲಿನ ಹಳೇ ಸಾಮಾನಿನ ಅಂಗಡಿಯಿಂದ ‘ಫ್ಯೂರಿ ಆಫ್ ಡ್ರಾಕುಲಾ’ ಎಂಬ ಬೋರ್ಡ್ ಗೇಮ್ ತಂದಿದ್ದಾನೆ. ಒಬ್ಬರು ರಕ್ತಪಿಶಾಚಿ ಡ್ರಾಕುಲಾ ಆಗಿ ಅಡಗಿ ಓಡುವ, ಉಳಿದವರು ಬೇಟೆಗಾರರಾಗಿ ಅವನನ್ನು ಹುಡುಕುವ ಆಟ ಅದು, 1987ರದ್ದು. ಬೆಂಗಳೂರಿನಲ್ಲಿರುವ ಸೋದರಳಿಯನ ಬಳಿ ಅದೇ ಹೆಸರಿನ ಹೊಸ ಆಟ ಇದೆ. ಎರಡೂ ಪೆಟ್ಟಿಗೆ ಬಿಚ್ಚಿ ಕೂತರೆ ಒಂದರ ನಿಯಮ ಇನ್ನೊಂದಕ್ಕೆ ತಾಳೆಯಾಗುತ್ತಿಲ್ಲ. ಹಳೆಯದರಲ್ಲಿ ಬೇಟೆಗಾರರು ಮೂವರು, ಹೊಸದರಲ್ಲಿ ನಾಲ್ವರು. ಹಳೆಯದರಲ್ಲಿ ದಾಳ ಇದೆ, ಹೊಸದರಲ್ಲಿ ಇಲ್ಲ. ಮನೆಯಲ್ಲಿ ಜಗಳವೇ ಆಗಿದೆಯಂತೆ. “ಇವೆರಡರಲ್ಲಿ ಅಸಲಿ ಯಾವುದು? ಇದು ಸ್ಕಾಟ್ಲೆಂಡ್ ಯಾರ್ಡ್ ಆಟಕ್ಕೇ ಕೋರೆಹಲ್ಲು ಅಂಟಿಸಿದ್ದು ಅಲ್ವಾ? ‘ಡ್ರಾಕುಲಾ’ ಕಾದಂಬರಿ ಬರೆದವರ ಮನೆಯವರಿಗೆ ದುಡ್ಡು ಕೊಟ್ಟಿದ್ದಾರಾ? ಹಳೆಯದನ್ನೇ ಆಡುವುದೋ, ಹೊಸದು ತರಿಸುವುದೋ?” ಎಂದು ಕೇಳಿದ್ದಾರೆ.

ನಮಸ್ಕಾರ. ಜಗಳ ಬಿಡಿಸುವುದು ಸುಲಭ. ಎರಡೂ ಅಸಲಿಯೇ. ನಿಮ್ಮದು ಮೊದಲ ಆವೃತ್ತಿ. ಬೇಟೆಗಾರರು ನಾಲ್ವರು, ದಾಳ ಇಲ್ಲ ಅಂದರೆ ಸೋದರಳಿಯನದು ಮೂರನೆಯದೋ ನಾಲ್ಕನೆಯದೋ ಆಗಿರಬೇಕು. ಅವೆರಡರ ನಿಯಮ ಹೆಚ್ಚುಕಡಿಮೆ ಒಂದೇ. ನಡುವಿನ ಎರಡನೆಯ ಆವೃತ್ತಿಯನ್ನು ನಿಮ್ಮ ಮನೆಯಲ್ಲಿ ಯಾರೂ ನೋಡಿಲ್ಲ. ಈ ಆಟದ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಅದೇ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದ.

ರಕ್ತಪಿಶಾಚಿಯ ಹೆಸರಿನಲ್ಲಿ ಆಟ ಮಾರುವುದು 1987ಕ್ಕೆ ಹೊಸತೇನಲ್ಲ. ಅಮೆರಿಕದಲ್ಲಿ 1969ರಲ್ಲಿ ಮಿಲ್ಟನ್ ಬ್ರಾಡ್ಲಿ ಕಂಪನಿ ಒಂದು ಟಿವಿ ಧಾರಾವಾಹಿಯ ರಕ್ತಪಿಶಾಚಿ ಬಾರ್ನಬಸ್ ಕಾಲಿನ್ಸ್ ಹೆಸರಿನಲ್ಲಿ ಆಟ ತಂದಿತ್ತು. ಅದರಲ್ಲಿ ಪುಟ್ಟ ಶವಪೆಟ್ಟಿಗೆ, ಕತ್ತಲಲ್ಲಿ ಹೊಳೆಯುವ ಪ್ಲಾಸ್ಟಿಕ್ ಮೂಳೆಗಳು, ಜೊತೆಗೆ ಬಾಯಿಗೆ ಹಾಕಿಕೊಳ್ಳಲು ಒಂದು ಜೊತೆ ಕೋರೆಹಲ್ಲು. 1979ರಲ್ಲಿ ಹ್ಯಾಸ್‌ಬ್ರೋ ತಂದ ಆಟ ಇನ್ನೂ ತಮಾಷೆಯದು. ಪ್ಲಾಸ್ಟಿಕ್ ಡ್ರಾಕುಲಾನ ಬಾಯಿಗೆ ಬೆರಳು ಇಡಬೇಕು. ಅವನು ಕಚ್ಚಿದರೆ ಬೆರಳ ಮೇಲೆ ಸ್ಕೆಚ್ ಪೆನ್ನಿನ ಎರಡು ಕೆಂಪು ಚುಕ್ಕೆ. ಮಕ್ಕಳು ಕಿರುಚಿ ನಗಲು ಇಷ್ಟು ಸಾಕು. ಆದರೆ ಇವುಗಳಲ್ಲಿ ಹೆದರಿಕೆ ಇದ್ದದ್ದು ಸಾಮಾನಿನಲ್ಲಿ. ಆಟದೊಳಗೆ ಇರಲಿಲ್ಲ.

ನಿಮ್ಮ ಪೆಟ್ಟಿಗೆ ಬಂದದ್ದು ಗೇಮ್ಸ್ ವರ್ಕ್‌ಷಾಪ್ ಕಂಪನಿಯಿಂದ. 1975ರಲ್ಲಿ ಲಂಡನ್ನಿನಲ್ಲಿ ಇಯಾನ್ ಲಿವಿಂಗ್‌ಸ್ಟನ್, ಸ್ಟೀವ್ ಜಾಕ್ಸನ್, ಜಾನ್ ಪೀಕ್ ಎಂಬ ಮೂವರು ಗೆಳೆಯರು ಸೇರಿ ಶುರು ಮಾಡಿದ್ದು. ಮೊದಮೊದಲು ಬ್ಯಾಕ್‌ಗ್ಯಾಮನ್‌ನಂಥ ಹಳೇ ಆಟಗಳಿಗೆ ಮರದ ಮಣೆ ಮಾಡಿ ಮಾರುತ್ತಿದ್ದರು. ಆಮೇಲೆ ಪುಟ್ಟ ಬೊಂಬೆಗಳ ಯುದ್ಧದಾಟ ವಾರ್‌ಹ್ಯಾಮರ್‌ನಿಂದ ದೊಡ್ಡವರಾದರು. ಎಂಬತ್ತರ ದಶಕದ ನಡುವಿನಲ್ಲಿ ಇವರು ಪೆಟ್ಟಿಗೆ ಆಟಗಳನ್ನು ಒಂದರ ಹಿಂದೆ ಒಂದು ತಂದರು. ಆ ಸಾಲಿನಲ್ಲಿ ಬಂದದ್ದೇ ಇದು. ರೂಪಿಸಿದವರು ಸ್ಟೀಫನ್ ಹ್ಯಾಂಡ್. ಅದೇ ವರ್ಷ ಬಂದ ‘ಚೈನ್‌ಸಾ ವಾರಿಯರ್’ ಕೂಡ ಇವರದೇ. ಅದು ಒಬ್ಬರೇ ಕೂತು ಆಡುವ ಆಟ. ಮುಂದೆ ಇವರು, ಕತೆಯ ದಾರಿಯನ್ನು ಓದುಗರೇ ಆರಿಸಿಕೊಳ್ಳುವ ‘ಫೈಟಿಂಗ್ ಫ್ಯಾಂಟಸಿ’ ಪುಸ್ತಕ ಮಾಲೆಗೆ ಭಯದ ಕತೆಗಳನ್ನೇ ಬರೆದರು. ಅಂದರೆ ಹೆದರಿಸುವುದು ಅವರ ಇಷ್ಟದ ಕೆಲಸ.

ಪೆಟ್ಟಿಗೆಯಲ್ಲಿ ಲೋಹದ ಪುಟ್ಟ ಬೊಂಬೆಗಳು ಇವೆಯಾ ನೋಡಿ. ಕಂಪನಿಯ ಸಿಟಡೆಲ್ ವಿಭಾಗ ಎರಕ ಹೊಯ್ದವು. ಒಬ್ಬ ಡ್ರಾಕುಲಾ, ಅವನ ಹಿಂದೆ ಬಿದ್ದ ಮೂವರು: ಪ್ರೊಫೆಸರ್ ವಾನ್ ಹೆಲ್ಸಿಂಗ್, ಡಾಕ್ಟರ್ ಸೀವರ್ಡ್, ಲಾರ್ಡ್ ಗೊಡಾಲ್ಮಿಂಗ್. ಕಾದಂಬರಿಯಲ್ಲಿ ಡ್ರಾಕುಲಾ ಸಾಯುತ್ತಾನೆ. ಆಟದಲ್ಲಿ ಅವನು ಸತ್ತಿಲ್ಲ, ಮತ್ತೆ ಯುರೋಪಿನಲ್ಲಿ ಓಡಾಡುತ್ತಿದ್ದಾನೆ. ಕಾದಂಬರಿಯ ಕೊನೆಯಲ್ಲಿ ಅವನ ಕತ್ತು ಕತ್ತರಿಸುವ ಆಯುಧ ನಮ್ಮ ಕಡೆಯವರಿಗೂ ಗೊತ್ತಿರುವ ಗೂರ್ಖಾ ಕುಕ್ರಿ. ಬೇಟೆಗಾರರಲ್ಲಿ ಒಬ್ಬನಾದ ವಕೀಲ ಜೋನಥನ್ ಹಾರ್ಕರ್ ಅದನ್ನು ಹಿಡಿದೇ ಡ್ರಾಕುಲಾನ ಕೋಟೆಯಿರುವ ಟ್ರಾನ್ಸಿಲ್ವೇನಿಯಾಕ್ಕೆ ಹೋಗುತ್ತಾನೆ.

ಈ ಕಾದಂಬರಿಯಲ್ಲಿ ಒಂದು ಆಟ ಮೊದಲೇ ಅಡಗಿತ್ತು. ಬ್ರ್ಯಾಮ್ ಸ್ಟೋಕರ್ ಅದನ್ನು 1897ರಲ್ಲಿ ಪ್ರಕಟಿಸಿದ. ಆತ ಡಬ್ಲಿನ್‌ನವನು, ಲಂಡನ್ನಿನ ಲೈಸಿಯಂ ನಾಟಕಶಾಲೆಯ ಮ್ಯಾನೇಜರ್. ಟ್ರಾನ್ಸಿಲ್ವೇನಿಯಾ ಕಡೆ ಕಾಲಿಟ್ಟವನಲ್ಲ. ಕತೆಯೆಲ್ಲ ದಿನಚರಿ, ಕಾಗದ, ಟೆಲಿಗ್ರಾಂಗಳಲ್ಲಿ ಬಿಚ್ಚಿಕೊಳ್ಳುತ್ತದೆ. ಕೊನೆಯ ಭಾಗ ನೋಡಿ. ಡ್ರಾಕುಲಾ ಲಂಡನ್ನಿನಿಂದ ಹಡಗಿನಲ್ಲಿ ತಪ್ಪಿಸಿಕೊಳ್ಳುತ್ತಾನೆ. ಹಡಗು ಕಪ್ಪು ಸಮುದ್ರದ ಬಂದರು ವಾರ್ನಾಕ್ಕೆ ಹೋಗುತ್ತದೆ ಎಂದು ಗೊತ್ತಾಗಿ ಬೇಟೆಗಾರರು ಪ್ಯಾರಿಸ್‌ನಲ್ಲಿ ಓರಿಯೆಂಟ್ ಎಕ್ಸ್‌ಪ್ರೆಸ್ ರೈಲು ಹತ್ತಿ ಅವನಿಗಿಂತ ಮೊದಲೇ ಅಲ್ಲಿ ಕಾದು ಕೂರುತ್ತಾರೆ. ದಿನ ಕಳೆಯುತ್ತದೆ, ಹಡಗಿಲ್ಲ. ಆಮೇಲೆ ಟೆಲಿಗ್ರಾಂ ಬರುತ್ತದೆ: ಹಡಗು ಗಲಾಟ್ಸ್ ಸೇರಿದೆ. ಅವನು ಕಣ್ಣು ತಪ್ಪಿಸಿ ಬೇರೆ ಬಂದರಿಗೆ ಹೋಗಿದ್ದಾನೆ. ಜೋನಥನ್‌ನ ಹೆಂಡತಿ ಮಿನಾಳಿಗೆ ರೈಲು ವೇಳಾಪಟ್ಟಿ ಬಾಯಿಪಾಠ. ಅವನು ಹಿಡಿಯಬಹುದಾದ ದಾರಿಗಳನ್ನೆಲ್ಲ ಬರೆದು, ಒಂದೊಂದನ್ನೇ ಹೊಡೆದುಹಾಕುತ್ತ, ನದಿ ದಾರಿಯೇ ಸರಿ ಅನ್ನುವ ತೀರ್ಮಾನಕ್ಕೆ ಬರುವವಳು ಅವಳೇ. ಬೋರ್ಡ್ ಗೇಮ್ ಆಡುವವರು ಮೇಜಿನ ಸುತ್ತ ಕೂತು ಮಾಡುವ ಕೆಲಸವೂ ಇದೇ ಅಲ್ವಾ? ಸ್ಟೀಫನ್ ಹ್ಯಾಂಡ್ ಮೇಲೆ ನನಗೆ ಗೌರವ ಇರುವುದು ಈ ಕಾರಣಕ್ಕೆ. ಕೋಟೆ, ಶವಪೆಟ್ಟಿಗೆ, ಬಾವಲಿ ಎಲ್ಲರಿಗೂ ಕಂಡಿದ್ದವು. ಅವರು ಆಟಕ್ಕೆ ಆರಿಸಿಕೊಂಡದ್ದು ರೈಲು, ಹಡಗು ಮತ್ತು ಯುರೋಪಿನ ನಕ್ಷೆ.

ಈಗ ನಿಮ್ಮ ಸ್ಕಾಟ್ಲೆಂಡ್ ಯಾರ್ಡ್ ಪ್ರಶ್ನೆ. ಆ ಆಟ 1983ರಲ್ಲಿ ಜರ್ಮನಿಯ ರಾವೆನ್ಸ್‌ಬರ್ಗರ್ ಕಂಪನಿಯಿಂದ ಬಂತು, ಅದೇ ವರ್ಷ ಅಲ್ಲಿನ ‘ವರ್ಷದ ಆಟ’ ಪ್ರಶಸ್ತಿಯನ್ನೂ ಗೆದ್ದಿತು. ಮಿಸ್ಟರ್ ಎಕ್ಸ್ ಲಂಡನ್ನಿನಲ್ಲಿ ಅಡಗಿ ಓಡಾಡುತ್ತಾನೆ, ಉಳಿದವರು ಪತ್ತೇದಾರರು. ಅವನು ಹತ್ತಿದ್ದು ಟ್ಯಾಕ್ಸಿಯೋ ಬಸ್ಸೋ ಅಷ್ಟೇ ಗೊತ್ತಾಗುತ್ತದೆ. ಕೆಲವು ಗೊತ್ತಾದ ನಡೆಗಳಲ್ಲಿ ಮಾತ್ರ ಎಲ್ಲಿದ್ದಾನೆಂದು ತೋರಿಸಬೇಕು. ಡ್ರಾಕುಲಾ ಆಟ ನಾಲ್ಕು ವರ್ಷ ಆಮೇಲೆ ಬಂತು, ಅಡಗಿ ಓಡುವ ಲೆಕ್ಕ ಎರಡರಲ್ಲೂ ಇದೆ. ಅಲ್ಲಿಯವರೆಗೆ ನಿಮ್ಮ ಮಾತು ಸರಿ.

ಆದರೆ ಮಿಸ್ಟರ್ ಎಕ್ಸ್ ಸಿಕ್ಕಿಬಿದ್ದರೆ ಆಟ ಮುಗಿಯಿತು. ಡ್ರಾಕುಲಾ ಸಿಕ್ಕರೆ ಆಟದ ಕಷ್ಟ ಶುರುವಾಗುತ್ತದೆ. ಕೈಯಲ್ಲಿ ಶಿಲುಬೆಯೋ ಮರದ ಗೂಟವೋ ಇಲ್ಲದೆ, ರಾತ್ರಿ ಹೊತ್ತು, ಒಬ್ಬನೇ ಬೇಟೆಗಾರ ಅವನಿದ್ದ ಊರಿಗೆ ಹೋದರೆ ಸಾಯುವುದು ಬೇಟೆಗಾರನೇ. ಹುಡುಕುತ್ತಿರುವಾಗಲೇ ‘ಈಗ ಸಿಗದಿರಲಪ್ಪ’ ಎಂದು ಬೇಡಿಕೊಳ್ಳುವ ಪರಿಸ್ಥಿತಿ. ನಮ್ಮ ಆಡು-ಹುಲಿ ಆಟದಲ್ಲೂ ಎರಡು ಕಡೆಯ ಬಲ ಸಮ ಇಲ್ಲ, ಆದರೆ ಹುಲಿ ಎಲ್ಲಿದೆ ಅನ್ನುವುದು ಆಡಿಗೆ ಕಾಣುತ್ತಿರುತ್ತದೆ. ಇಲ್ಲಿ ಹುಲಿ ಕಾಣುವುದಿಲ್ಲ, ಆಡುಗಳೇ ಅದನ್ನು ಹುಡುಕಿಕೊಂಡು ಹೋಗಬೇಕು. ಹಾಗಾಗಿ ಹಲ್ಲು ಅಂಟಿಸಿದ್ದು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಮೊದಲ ಆವೃತ್ತಿಯ ತೊಡಕು ಬೇರೆ ಕಡೆ ಇತ್ತು. ನಿಮ್ಮ ಪೆಟ್ಟಿಗೆಯಲ್ಲಿ ಒಂದು ರಟ್ಟಿನ ಮರೆ ಇರಬೇಕು. ಡ್ರಾಕುಲಾ ಆಡುವವರು ಅದರ ಹಿಂದೆ ಪುಟ್ಟ ನಕ್ಷೆ ಇಟ್ಟುಕೊಂಡು ಗುಟ್ಟಾಗಿ ನಡೆ ಇಡುತ್ತಾರೆ. ಮರೆಯ ಹಿಂದೆ ಏನಾಗುತ್ತಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಡ್ರಾಕುಲಾ ಮೋಸ ಮಾಡಬೇಕೆಂದೇನೂ ಇಲ್ಲ. ಸುಮ್ನೆ ಒಂದು ನಡೆ ಎಡವಟ್ಟಾದರೆ ಸಾಕು, ಗಂಟೆಗಟ್ಟಲೆ ಹುಡುಕಿದ್ದೆಲ್ಲ ನೀರಿನಲ್ಲಿ ಹೋಮ. ಅಡಗುವ ಆಟಗಳಿಗೆಲ್ಲ ಇರುವ ಕಾಯಿಲೆ ಇದು.

ಗೇಮ್ಸ್ ವರ್ಕ್‌ಷಾಪ್ ಮುಂದೆ ವಾರ್‌ಹ್ಯಾಮರ್ ಬೊಂಬೆಗಳ ಕಡೆಗೇ ಹೆಚ್ಚು ವಾಲಿತು, ಈ ಆಟ ವರ್ಷಗಟ್ಟಲೆ ಮೂಲೆ ಸೇರಿತು. ಮತ್ತೆ ಎತ್ತಿದ್ದು ಅಮೆರಿಕದ ಮಿನೆಸೋಟದ ಫ್ಯಾಂಟಸಿ ಫ್ಲೈಟ್ ಗೇಮ್ಸ್. 2005–06ರ ಹೊತ್ತಿಗೆ ಕೆವಿನ್ ವಿಲ್ಸನ್ ಕೈಯಲ್ಲಿ ಎರಡನೆಯ ಆವೃತ್ತಿ ಬಂತು. ಅವರು ಗುಟ್ಟಿನ ನಕ್ಷೆಯನ್ನೇ ತೆಗೆದುಹಾಕಿ, ಆ ಜಾಗಕ್ಕೆ ಊರಿಗೊಂದು ಕಾರ್ಡು ತಂದರು. ಡ್ರಾಕುಲಾ ಪ್ರತಿ ಸರದಿಯಲ್ಲೂ ತಾನು ಹೋದ ಊರಿನ ಕಾರ್ಡನ್ನು ಕವುಚಿ ಮೇಜಿನ ಮೇಲೆ ಇಡಬೇಕು. ಹಿಂದಿನವು ಒಂದೊಂದು ಜಾಗ ಮುಂದಕ್ಕೆ ಸರಿಯುತ್ತವೆ. ಹೀಗೆ ಆರು ಕಾರ್ಡುಗಳ ಜಾಡು. ಬೇಟೆಗಾರ ಆ ಜಾಡಿನ ಒಂದು ಊರಿಗೆ ಕಾಲಿಟ್ಟರೆ ಆ ಕಾರ್ಡನ್ನು ಮುಖ ಕಾಣುವಂತೆ ತಿರುಗಿಸಬೇಕು. ಆಗ ‘ನಾಲ್ಕು ನಡೆ ಹಿಂದೆ ಅವನು ವಿಯೆನ್ನಾದಲ್ಲಿದ್ದ’ ಎಂದು ಗೊತ್ತಾಗುತ್ತದೆ. ಅಲ್ಲಿಂದ ಎಲ್ಲಿಗೆ ಹೋಗಿರಬಹುದು ಎಂದು ಲೆಕ್ಕ ಶುರು. ಅಲ್ಲಿ ಅವನು ಬಿಟ್ಟುಹೋದದ್ದೂ ನಿಮಗೆ ಎದುರಾಗುತ್ತದೆ: ತೋಳ, ಇಲಿ, ಇಲ್ಲವೇ ಹೊಸದಾಗಿ ಹುಟ್ಟಿದ ಇನ್ನೊಂದು ರಕ್ತಪಿಶಾಚಿ.

ಇದೊಂದರಿಂದ ಎಷ್ಟು ಗಂಟು ಬಿಡಿಸಿಕೊಂಡಿತು ನೋಡಿ. ಅಡಗಿದವನ ಸಾಕ್ಷಿ ಎಲ್ಲರ ಕಣ್ಣೆದುರು ಮೇಜಿನ ಮೇಲೇ ಇರುತ್ತದೆ, ಕಾರ್ಡು ಮಾತ್ರ ಕವುಚಿ. ಜಾಡಿನಲ್ಲಿರುವ ಊರಿಗೆ ಅವನು ಸುಮ್ಮನೆ ವಾಪಸ್ ಹೋಗುವಂತಿಲ್ಲ, ಹಾಗಾಗಿ ಅವನ ಹೆಜ್ಜೆಯೇ ಅವನನ್ನು ಕಟ್ಟಿಹಾಕುತ್ತದೆ. ಸಮುದ್ರದ ಕಾರ್ಡುಗಳ ಬೆನ್ನಿನ ಬಣ್ಣವೇ ಬೇರೆ. ಅವನು ಹಡಗು ಹತ್ತಿದ ಎಂದು ತಕ್ಷಣ ತಿಳಿಯುತ್ತದೆ, ಯಾವ ಸಮುದ್ರ ಎಂದು ಮಾತ್ರ ತಿಳಿಯುವುದಿಲ್ಲ. ವಾರ್ನಾದಲ್ಲಿ ಕಾದು ಕೂತವರ ಪಾಡು ಇದೇ ಆಗಿತ್ತು. ನೀರಿನ ಮೇಲೆ ಹೋದರೆ ಡ್ರಾಕುಲಾನಿಗೆ ರಕ್ತ ಕಳೆಯುತ್ತದೆ, ರೈಲು ಅವನಿಗಿಲ್ಲ, ಬೇಟೆಗಾರರಿಗೆ ಮಾತ್ರ. ಮಿನಾ ಹಾರ್ಕರ್ ನಾಲ್ಕನೆಯ ಬೇಟೆಗಾರಳಾಗಿ ಬಂದದ್ದೂ ಈ ಆವೃತ್ತಿಯಲ್ಲೇ. ಅವಳು ಆಟದ ಶುರುವಿಗೇ ಒಂದು ಸಲ ಕಚ್ಚಿಸಿಕೊಂಡವಳು, ಆ ಕಡಿತ ವಾಸಿಯಾಗುವುದಿಲ್ಲ. ಜೋನಥನ್ ಕಾಯಿಲೆ ಬಿದ್ದು ಮಲಗಿದ್ದ ಬುಡಾಪೆಸ್ಟಿನ ಆಸ್ಪತ್ರೆಯೂ ನಕ್ಷೆ ಮೇಲೆ ಇದೆ, ಡ್ರಾಕುಲಾ ಅದರೊಳಗೆ ಬರುವಂತಿಲ್ಲ. ಮಿನಾಳನ್ನು ಮೊದಲ ಆವೃತ್ತಿಯಲ್ಲಿ ಯಾಕೆ ಬಿಟ್ಟರೋ! ಕಾದಂಬರಿಯಲ್ಲಿ ಅವನ ದಾರಿ ಪತ್ತೆ ಹಚ್ಚಿದವಳೇ ಅವಳು.

ಅಂದರೆ ಮೊದಲ ಆವೃತ್ತಿಯಲ್ಲಿ ಯೋಚನೆ ಹುಟ್ಟಿತು, ಎರಡನೆಯದರಲ್ಲಿ ಅದು ಆಟವಾಯಿತು. ಇದು ನನ್ನ ಅಭಿಪ್ರಾಯ. ಹಳೆಯದನ್ನೇ ಹಚ್ಚಿಕೊಂಡವರು ಒಪ್ಪದಿರಬಹುದು, ಒಪ್ಪದವರ ಪತ್ರಕ್ಕೂ ಜಾಗ ಇದೆ.

ಮೂರನೆಯದು 2015ರಲ್ಲಿ ಅದೇ ಕಂಪನಿಯಿಂದ. ತಿದ್ದಿದವರು ಫ್ರ್ಯಾಂಕ್ ಬ್ರೂಕ್ಸ್. ಆರು ಕಾರ್ಡಿನ ಜಾಡು ಉಳಿಯಿತು. ಹೊಡೆದಾಟದಿಂದ ದಾಳ ಹೋಯಿತು, ಎರಡೂ ಕಡೆಯವರು ಒಂದೇ ಸಲಕ್ಕೆ ಕಾರ್ಡು ಇಡುವ ಪದ್ಧತಿ ಬಂತು. ಬೇಟೆಗಾರರಿಗೆ ಹಗಲು ಒಂದು ಸರದಿ, ರಾತ್ರಿ ಒಂದು. ಡ್ರಾಕುಲಾ ಓಡಾಡುವುದು ರಾತ್ರಿ ಮಾತ್ರ. ಎರಡನೆಯದರಲ್ಲಿ ಅವನು 6 ಅಂಕಕ್ಕೆ ಗೆಲ್ಲುತ್ತಿದ್ದ, ಇಲ್ಲಿ 13 ಬೇಕು. ನಿಯಮ ಮೊದಲಿಗಿಂತ ಅಚ್ಚುಕಟ್ಟು. ದಾಳ ಬಿದ್ದಾಗಿನ ಉಸಿರು ಬಿಗಿಹಿಡಿಯುವ ಕ್ಷಣ ಹೋಯಿತು ಎಂದು ನನಗೆ ಸ್ವಲ್ಪ ಬೇಸರ. ನಿಮ್ಮ ಸೋದರಳಿಯನಂಥವರಿಗೆ ಅದು ಖುಷಿಯೇ ಇರಬೇಕು.

ಆಮೇಲೆ ನಡೆದದ್ದು ವ್ಯಾಪಾರದ ಮಾತು. ಆಟದ ಹಕ್ಕು ಗೇಮ್ಸ್ ವರ್ಕ್‌ಷಾಪ್ ಬಳಿಯೇ ಇತ್ತು. 2016ರಲ್ಲಿ ಎರಡೂ ಕಂಪನಿಗಳು ಬೇರೆಯಾಗುವುದಾಗಿ ಹೇಳಿದವು, 2017ರ ಫೆಬ್ರವರಿ ಕೊನೆಗೆ ಒಪ್ಪಂದ ಮುಗಿಯಿತು. ಚೆನ್ನಾಗಿ ಮಾರಾಟವಾಗುತ್ತಿದ್ದ ಆಟ ಅಂಗಡಿಯಿಂದ ಮಾಯ. ಆಮೇಲೆ ವಿಜ್‌ಕಿಡ್ಸ್ ಕಂಪನಿ ಮೂರನೆಯದರ ನಿಯಮವನ್ನೇ ಇಟ್ಟುಕೊಂಡು 2019ರಲ್ಲಿ ನಾಲ್ಕನೆಯ ಆವೃತ್ತಿ ತಂದಿತು. 2020ರಲ್ಲಿ ಬ್ರಿಟನ್ನಿನ ನೊಮ್ಯಾಡ್ ಗೇಮ್ಸ್ ಕಂಪ್ಯೂಟರಿನಲ್ಲಿ ಆಡುವ ರೂಪವನ್ನೂ ಮಾಡಿತು.

ದುಡ್ಡಿನ ಪ್ರಶ್ನೆ ಕೇಳಿದ್ದೀರಿ. ಸ್ಟೋಕರ್ ತೀರಿಕೊಂಡದ್ದು 1912ರಲ್ಲಿ. ಬ್ರಿಟನ್ನಿನ ಆಗಿನ ಕಾನೂನಿನಂತೆ ಲೇಖಕರು ಸತ್ತು 50 ವರ್ಷ ಕಳೆದರೆ ಹಕ್ಕು ಮುಗಿಯುತ್ತಿತ್ತು. ಅಂದರೆ 1962ರ ಕೊನೆಗೆ ಮುಗಿದಿತ್ತು. ಅಮೆರಿಕದಲ್ಲಂತೂ ಅಲ್ಲಿನ ಕಾನೂನಿನ ವಿಧಿ ಪೂರೈಸದೆ ಹಕ್ಕು ಉಳಿದಿರಲೇ ಇಲ್ಲ. ಹಾಗಾಗಿ 1987ರಲ್ಲಿ ಯಾರನ್ನೂ ಕೇಳಬೇಕಾಗಿರಲಿಲ್ಲ. ಹಕ್ಕಿದ್ದ ಕಾಲದಲ್ಲಿ ಸ್ಟೋಕರ್‌ನ ಹೆಂಡತಿ ಫ್ಲಾರೆನ್ಸ್ ಸುಮ್ಮನೆ ಬಿಟ್ಟವಳಲ್ಲ. 1922ರಲ್ಲಿ ಜರ್ಮನಿಯವರು ಅನುಮತಿ ಇಲ್ಲದೆ ‘ನೊಸ್‌ಫೆರಾಟು’ ಸಿನಿಮಾ ಮಾಡಿದಾಗ ಕೋರ್ಟಿಗೆ ಹೋದಳು, ಅದರ ಪ್ರತಿಗಳನ್ನೆಲ್ಲ ನಾಶ ಮಾಡಬೇಕೆಂದು 1925ರಲ್ಲಿ ಆದೇಶವನ್ನೂ ಪಡೆದಳು. ಕೆಲವು ಪ್ರತಿ ಹೇಗೋ ಉಳಿದುಕೊಂಡವು ಅನ್ನಿ.

ಕೊನೆಗೆ, ಯಾವುದು ಆಡುವುದು? ಹಳೆಯದನ್ನು ಮಾರಬೇಡಿ. ಬೊಂಬೆ, ಮರೆ, ಬಿಲ್ಲೆ ಎಲ್ಲ ಇದ್ದರೆ ಅದನ್ನು ಹುಡುಕುವವರು ಬೇಕಾದಷ್ಟಿದ್ದಾರೆ. ಆಡುವುದಕ್ಕೆ ಮಾತ್ರ ಸೋದರಳಿಯನ ಪೆಟ್ಟಿಗೆಯೇ ಇರಲಿ, ಇನ್ನೊಂದು ಹೊಸದು ತರಿಸುವುದು ದಂಡ. ಎರಡರ ನಿಯಮ ಬೆರೆಸಬೇಡಿ, ಅಂಕದ ಲೆಕ್ಕವೇ ಬೇರೆ ಬೇರೆ. ಎರಡು ಮೂರು ಗಂಟೆ ಬಿಡುವು ಇಟ್ಟುಕೊಳ್ಳಿ, ಊಟ ಮುಗಿಸಿ ಕೂರುವುದು ಒಳ್ಳೆಯದು. ಮೊದಲ ಸಲ ನಿಯಮ ಚೆನ್ನಾಗಿ ಗೊತ್ತಿರುವವನೇ ಡ್ರಾಕುಲಾ ಆಗಲಿ, ಯಾಕೆಂದರೆ ತಪ್ಪಾದರೆ ಅವನು ಪಕ್ಕದವರನ್ನು ಕೇಳುವಂತಿಲ್ಲ. ಬೇಟೆಗಾರರು ಅವನೆದುರಿಗೇ ಜೋರಾಗಿ ಮಾತಾಡಿಕೊಳ್ಳಬಹುದೋ, ಅಡುಗೆಮನೆಗೆ ಹೋಗಿ ಪಿಸುಗುಡಬಹುದೋ ಅನ್ನುವುದನ್ನು ಶುರುವಿಗೇ ತೀರ್ಮಾನಿಸಿ. ಮುಂದಿನ ಜಗಳ ಅದರ ಮೇಲೆಯೇ ಆಗುವುದು.

— ಸಂ.