ಹೊಸ ಕೈತೋಟದಲ್ಲಿ ಕೊನ್ನಾರಿಯ ಕಾಟ

ಪ್ರಶ್ನೆ: ಹಿರಿಯಡಕದ ಸಮೀಪ ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಸಿದ್ದೇವೆ. ಮುರಕಲ್ಲಿನ ನೆಲವಾದ್ದರಿಂದ ಹಿತ್ತಲಿನ ಎರಡು ಸೆಂಟ್ಸಿಗೆ ಗದ್ದೆಯ ಮಣ್ಣನ್ನು ತರಿಸಿ ತುಂಬಿಸಿದೆವು. ಮಳೆಗಾಲದಲ್ಲಿ ಅಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆಯಿತು. ಟಿಲ್ಲರ್ ಹೊಡೆಸಿದ ಹದಿನೈದು ದಿನಗಳಲ್ಲಿ ಅದು ಮೊದಲಿಗಿಂತ ದಟ್ಟವಾಗಿ ಚಿಗುರಿದೆ. ಕಿತ್ತು ನೋಡಿದರೆ ಬುಡದಲ್ಲಿ ಕಪ್ಪು ಗಡ್ಡೆಗಳಿವೆ. ದೀಪಾವಳಿಯ ಹೊತ್ತಿಗೆ ಬೆಂಡೆ, ಅಲಸಂಡೆ, ಹರಿವೆ ಬಿತ್ತುವ ಆಸೆಯಿದೆ. ಕಳೆನಾಶಕ ಸಿಂಪಡಿಸಬೇಕೇ?

ಉತ್ತರ: ಕಪ್ಪು ಗಡ್ಡೆಯ ವಿಷಯವನ್ನು ಬರೆದು ನೀವು ನಮ್ಮ ಅರ್ಧ ಕೆಲಸವನ್ನು ಮಾಡಿಕೊಟ್ಟಿದ್ದೀರಿ. ಒಂದು ದಂಟನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿ. ಅದು ಮೂರು ಮೂಲೆಗಳುಳ್ಳದ್ದಾಗಿದ್ದು, ಗಡ್ಡೆಯನ್ನು ಜಜ್ಜಿದಾಗ ಪರಿಮಳ ಬಂದರೆ ಅದು ಕೊನ್ನಾರಿಯೇ, ಸಂಶಯವಿಲ್ಲ. ಗ್ರಂಥಿಗೆ ಅಂಗಡಿಯಲ್ಲಿ ಭದ್ರಮುಷ್ಟಿ ಎಂದು ದುಡ್ಡು ಕೊಟ್ಟು ತರುವ ಗಡ್ಡೆಯೂ ಇದೇ. ಬಹುಶಃ ಗದ್ದೆಯ ಮಣ್ಣಿನೊಡನೆಯೇ ಅದು ನಿಮ್ಮ ಹಿತ್ತಲಿಗೆ ಬಂದಿರಬೇಕು.

ಟಿಲ್ಲರ್ ಹೊಡೆಸಿದ ಮೇಲೆ ಅದು ಹೆಚ್ಚಿದ್ದಕ್ಕೆ ಕಾರಣವಿದೆ. ಕೊನ್ನಾರಿಯ ಗಡ್ಡೆಗಳು ನೆಲದೊಳಗೆ ತೆಳುವಾದ ಬಳ್ಳಿಯಿಂದ ಸರಪಳಿಯಂತೆ ಜೋಡಿಕೊಂಡಿರುತ್ತವೆ ಮತ್ತು ಸರಪಳಿ ಅಖಂಡವಾಗಿರುವವರೆಗೆ ತುದಿಯ ಗಡ್ಡೆ ಚಿಗುರುತ್ತಾ ಉಳಿದವುಗಳನ್ನು ನಿದ್ರೆಯಲ್ಲಿಟ್ಟಿರುತ್ತದೆ. ಯಂತ್ರದ ಅಲಗು ಆ ಸರಪಳಿಯನ್ನು ತುಂಡರಿಸಿದಾಗ ನಿದ್ರಿಸುತ್ತಿದ್ದ ಗಡ್ಡೆಗಳೆಲ್ಲ ಒಟ್ಟಿಗೆ ಎದ್ದು ಚಿಗುರುತ್ತವೆ. ಬರೇ ಮೇಲಿನ ಎಲೆಯನ್ನು ಕಿತ್ತರೂ ಗಡ್ಡೆ ಮಣ್ಣಿನಲ್ಲೇ ಉಳಿಯುತ್ತದೆ. ಆದ್ದರಿಂದ ಇನ್ನು ಮುಂದೆ ಆ ಜಾಗಕ್ಕೆ ಟಿಲ್ಲರ್ ಇಳಿಸಬೇಡಿ. ಅದೊಂದನ್ನು ಪಾಲಿಸಿದರೂ ಸಾಕಷ್ಟು ನಷ್ಟ ತಪ್ಪುತ್ತದೆ.

ಕಳೆನಾಶಕದ ಬಗ್ಗೆ ನಮ್ಮ ಅಭಿಪ್ರಾಯ ಬೇಡ ಎಂದೇ. ಸಾಮಾನ್ಯವಾಗಿ ಇದಕ್ಕೆಂದು ಹೇಳಲಾಗುವ ಗ್ಲೈಫೋಸೇಟ್‌ಗೆ ನಮ್ಮ ದೇಶದಲ್ಲಿ ನೋಂದಣಿಯಿರುವುದು ಚಹಾ ತೋಟ ಹಾಗೂ ಬೆಳೆಯಿಲ್ಲದ ಜಾಗಗಳಿಗೆ ಮಾತ್ರ. ಅಲ್ಲದೆ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ಅದರ ಬಳಕೆಯನ್ನು ಕೀಟ ನಿಯಂತ್ರಣದ ಪರವಾನಗಿ ಇರುವವರಿಗೆ ಸೀಮಿತಗೊಳಿಸುವ ಅಧಿಸೂಚನೆಯನ್ನು ಹೊರಡಿಸಿದೆ. ಎರಡು ಸೆಂಟ್ಸ್ ಹಿತ್ತಲಿಗೆ ಇಷ್ಟು ದೂರ ಹೋಗಬೇಕಾದ ಅಗತ್ಯವೂ ಇಲ್ಲ.

ಏಕೆಂದರೆ ಕರಾವಳಿಯ ಹವೆಯಲ್ಲಿ ನಿಮಗೆ ಒಂದು ದೊಡ್ಡ ಅನುಕೂಲವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕಳೆಯ ಜೊತೆ ಹೋರಾಡುವುದೆಂದರೆ ಮಳೆಯ ಜೊತೆಯೇ ಹೋರಾಡಿದಂತೆ. ಆದರೆ ಹಿಂಗಾರಿನ ಮಳೆ ನಿಂತ ಮೇಲೆ, ಡಿಸೆಂಬರ್‌ನಿಂದ ಮೇ ತಿಂಗಳ ಮೊದಲ ಮಳೆಯವರೆಗೆ, ಹೆಚ್ಚಿನ ಕಳೆ ಹುಟ್ಟುವುದು ನೀವು ನೀರು ಹಾಕಿದ ಕಡೆಯಲ್ಲಿ ಮಾತ್ರ. ಇದನ್ನು ಬಳಸಿಕೊಂಡು ಎರಡು ಸೆಂಟ್ಸನ್ನು ಎರಡು ಪಾಲು ಮಾಡಿ. ಕೊನ್ನಾರಿ ದಟ್ಟವಾಗಿರುವ ಪಾಲಿಗೆ ಈ ವರ್ಷ ಬೀಜವನ್ನೂ ಹಾಕಬೇಡಿ, ನೀರನ್ನೂ ಹಾಕಬೇಡಿ. ಕೊನ್ನಾರಿ ವಿರಳವಾಗಿರುವ ಪಾಲಿನಲ್ಲಿ ಮಾತ್ರ ತರಕಾರಿ ಬೆಳೆಯಿರಿ. ಆಸೆಯನ್ನು ಅರ್ಧಕ್ಕೆ ಇಳಿಸಿಕೊಳ್ಳುವುದು ಕಷ್ಟವೆಂದು ಗೊತ್ತು, ಆದರೆ ಹೊಸಬರು ಇಡೀ ಹಿತ್ತಲನ್ನು ಒಮ್ಮೆಗೇ ಅಗೆದು, ಜನವರಿಯ ಹೊತ್ತಿಗೆ ಕೈಚೆಲ್ಲುವುದನ್ನು ನಾವು ಹಲವು ಕಡೆ ಕಂಡಿದ್ದೇವೆ.

ತರಕಾರಿಯ ಪಾಲಿನಲ್ಲಿ ಸಾಲು ಏರಿಸಿ, ಹಟ್ಟಿಗೊಬ್ಬರ ಬೆರೆಸಿ ಸಿದ್ಧಗೊಳಿಸಿದ ಮೇಲೆ ತಕ್ಷಣ ಬಿತ್ತದೆ, ಖಾಲಿ ಸಾಲಿಗೇ ಹತ್ತು ಹನ್ನೆರಡು ದಿನ ನೀರು ಹಾಕಿ. ಮೇಲ್ಪದರದಲ್ಲಿರುವ ಊರಾಬೆ ಮೊದಲಾದ ಕಳೆಗಳ ಬೀಜ ಮೊಳೆತು ಹಸಿರು ಕಾಣಿಸುತ್ತದೆ. ಬಿಸಿಲಿರುವ ಬೆಳಗ್ಗೆ ಸಣ್ಣ ಕಳೆಗುದ್ದಲಿಯಿಂದ ಒಂದು ಇಂಚಿಗಿಂತ ಆಳಕ್ಕೆ ಹೋಗದಂತೆ ಕೆರೆದುಬಿಡಿ. ಆಳಕ್ಕೆ ಹೋದರೆ ಕೆಳಗಿನ ಬೀಜಗಳು ಮೇಲೆ ಬರುತ್ತವೆ. ಇನ್ನೊಮ್ಮೆ ಹೀಗೆಯೇ ಮಾಡಿ, ಬಳಿಕ ಮಣ್ಣನ್ನು ತಿರುವದೆ ಬಿತ್ತಿ. ದೀಪಾವಳಿಯ ಬದಲು ಕೆಲವು ವಾರ ತಡವಾದೀತು, ಚಿಂತೆಯಿಲ್ಲ. ಹರಿವೆಯನ್ನು ಎರಚುವ ಬದಲು ಗೆರೆ ಎಳೆದು ಬಿತ್ತಿದರೆ ಮುಳ್ಳುಹರಿವೆಯ ಸಸಿ ಯಾವುದು, ನೀವು ಬಿತ್ತಿದ್ದು ಯಾವುದು ಎಂಬ ಗೊಂದಲವಿರುವುದಿಲ್ಲ. ಬೆಂಡೆ ಮತ್ತು ಅಲಸಂಡೆಗೆ ಮೊದಲ 30ರಿಂದ 45 ದಿನಗಳೇ ಮುಖ್ಯ. ಆಮೇಲೆ ಗಿಡದ ನೆರಳೇ ಕಳೆಯನ್ನು ತಡೆಯುತ್ತದೆ. ಪೈಪಿನಿಂದ ಇಡೀ ಅಂಗಳಕ್ಕೆ ನೀರು ಹಾರಿಸದೆ ಬುಡಕ್ಕೆ ಮಾತ್ರ ಹಾಕಿ. ಸಸಿ ಗೇಣುದ್ದ ಬೆಳೆದ ಮೇಲೆ ತರಗೆಲೆಯನ್ನೋ ಅಡಿಕೆ ಸೋಗೆಯನ್ನೋ ಮೂರು ನಾಲ್ಕು ಇಂಚು ದಪ್ಪಕ್ಕೆ ಹಾಸಿ, ಆದರೆ ಕಾಂಡದಿಂದ ನಾಲ್ಕು ಬೆರಳು ಬಿಡಿ. ಗೆದ್ದಲು ಇರುವ ಜಾಗವಾದರೆ ವಾರಕ್ಕೊಮ್ಮೆ ಹೊದಿಕೆಯನ್ನು ಎತ್ತಿ ನೋಡಬೇಕು.

ಇನ್ನು ಕೊನ್ನಾರಿಯ ಪಾಲು. ಫೆಬ್ರವರಿಯಲ್ಲಿ ಮಣ್ಣು ಒಣಗಿದ ಮೇಲೆ ಪಿಕ್ಕಾಸು ಹಾಗೂ ಹಾರೆಯಿಂದ ಒಂದಡಿ ಆಳಕ್ಕೆ ಅಗೆದು, ಹೆಂಟೆ ಒಡೆದು, ಕೈಗೆ ಸಿಕ್ಕ ಗಡ್ಡೆಗಳನ್ನೆಲ್ಲ ಆರಿಸಿ. ಉಳಿದವು ಬಿಸಿಲಿಗೆ ತೆರೆದುಕೊಂಡಿರುವಂತೆ ಮಣ್ಣನ್ನು ವಾರಕ್ಕೊಮ್ಮೆ ತಿರುವುತ್ತಾ ಏಪ್ರಿಲ್‌ವರೆಗೆ ಒಣಗಿಸಿ. ಕೊನ್ನಾರಿಯ ಗಡ್ಡೆ ಸಾಯುವುದು ನೀರು ಕಳೆದುಕೊಂಡಾಗ. ಆರಿಸಿದ ಗಡ್ಡೆಗಳನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಸಿಮೆಂಟಿನ ಅಂಗಳದಲ್ಲಿ ಒಣಗಿಸಿ ಸುಡುಮಣ್ಣಿನ ರಾಶಿಗೆ ಸೇರಿಸಿ. ಮಣ್ಣಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಬಿಸಿಲಿಗೆ ಕಾಯಿಸುವ ವಿಧಾನ ಉಳಿದ ಕಳೆಗಳ ಬೀಜಕ್ಕೆ ಒಳ್ಳೆಯದೇ, ಆದರೆ ಕೊನ್ನಾರಿಯ ವಿಷಯದಲ್ಲಿ ಅದನ್ನೇ ನಂಬಿ ಕೂರುವಂತಿಲ್ಲ. ತೆಳುವಾದ ಕಪ್ಪು ಹಾಳೆಯನ್ನಂತೂ ಅದರ ಮೊಳಕೆ ಸೂಜಿಯಂತೆ ತೂತು ಮಾಡಿ ಮೇಲೆ ಬರುತ್ತದೆ.

ಮಳೆ ಶುರುವಾದ ಮೇಲೆ ಅಲ್ಲಿ ಗೆಣಸಿನ ಬಳ್ಳಿಯನ್ನು ಒತ್ತಾಗಿ ನೆಡಿ. ಕೊನ್ನಾರಿಗೆ ನೆರಳೆಂದರೆ ಆಗದು. ಬಳ್ಳಿಯ ನಡುವೆ ತಲೆಯೆತ್ತಿದ್ದನ್ನು ಎರಡು ವಾರಕ್ಕೊಮ್ಮೆ, ಹೊಸ ಗಡ್ಡೆ ಕಟ್ಟುವ ಮೊದಲೇ, ಕತ್ತರಿಸುತ್ತಾ ಬಂದರೆ ಹಳೆಯ ಗಡ್ಡೆಯಲ್ಲಿರುವ ಆಹಾರ ಬರಿದಾಗುತ್ತದೆ. ಒಂದೇ ವರ್ಷದಲ್ಲಿ ಪೂರ್ತಿ ಹೋಗುತ್ತದೆಂದು ನಾವು ಹೇಳುವುದಿಲ್ಲ.

ಪ್ರಶ್ನೆ: ಮಂಗಳೂರಿನ ಕದ್ರಿಯಲ್ಲಿ ನಮ್ಮದು ಸಣ್ಣ ತೋಟ. ಹೊರಗಿನಿಂದ ಹಟ್ಟಿಗೊಬ್ಬರ ತಂದು ಹಾಕಿದ ಮೇಲೆ ಕಳೆ ಹೆಚ್ಚಾಗಿದೆ. ಉಪ್ಪುನೀರು ಎರಚಿದರೆ ಸಾಯುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಸರಿಯೇ?

ಉತ್ತರ: ಕಳೆ ಸಾಯಬಹುದು, ಜೊತೆಗೆ ನಿಮ್ಮ ಬಸಳೆಯೂ ಸಾಯುತ್ತದೆ. ಉಪ್ಪಿನಲ್ಲಿರುವ ಸೋಡಿಯಂ ಮಣ್ಣಿನ ರಚನೆಯನ್ನೇ ಕೆಡಿಸುತ್ತದೆ. ಹಿನ್ನೀರಿನ ಬದಿಯಲ್ಲಿ ಉಪ್ಪೇರಿದ ಗದ್ದೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಲ್ಲುಹಾಸಿನ ಸಂದಿಯಲ್ಲಿ ಹುಟ್ಟಿದ ಹುಲ್ಲಿಗಾದರೆ ಕುದಿಯುವ ನೀರು ಸಾಕು. ಗೊಬ್ಬರದ ಬಗ್ಗೆ ನಿಮ್ಮ ಅನುಮಾನ ಸರಿಯಾಗಿದೆ. ದನ ತಿಂದ ಹುಲ್ಲಿನ ಬೀಜಗಳಲ್ಲಿ ಹಲವು ಸೆಗಣಿಯಲ್ಲೂ ಜೀವಂತವಾಗಿರುತ್ತವೆ, ರಾಶಿಯ ಒಳಗಿನ ಬಿಸಿ 55ರಿಂದ 60 ಡಿಗ್ರಿ ಸೆಲ್ಸಿಯಸ್ ತಲುಪಿ ಕೆಲವು ದಿನ ನಿಂತರೆ ಮಾತ್ರ ಹೆಚ್ಚಿನವು ಸಾಯುತ್ತವೆ. ರಾಶಿಯ ಹೊರಭಾಗ ಅಷ್ಟು ಬಿಸಿಯಾಗುವುದಿಲ್ಲವಾದ್ದರಿಂದ ಅದನ್ನು ಎರಡು ಮೂರು ಬಾರಿ ಒಳಕ್ಕೆ ತಿರುವಿ ಹಾಕಬೇಕು. ಮುಂದಿನ ಸಲ ಗೊಬ್ಬರ ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಿ: ಹುಲ್ಲಿನ ಎಸಳು ಗುರುತಿಸುವಂತಿದ್ದರೆ, ಸೆಗಣಿಯ ವಾಸನೆ ಹೋಗಿರದಿದ್ದರೆ, ಅದು ಇನ್ನೂ ಹಣ್ಣಾಗಿಲ್ಲ.